ಫೋಟೊ ದೊಡ್ಡದಾಗಲಿ, ಮುಖ ಬದಲಾಗದಿರಲಿ

ಅಜ್ಜನ ಫೋಟೊಗೆ ಕಟ್ಟು ಹಾಕಿಸಬೇಕು, ಆದರೆ ಇರೋದು ವಾಟ್ಸಾಪ್‌ನಲ್ಲಿ ಬಂದ ಒಂದೇ ಪ್ರತಿ; ದೊಡ್ಡದು ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು? ಸಾಫ್ಟ್‌ವೇರ್ ಎಂಜಿನಿಯರ್ ಅಂತ ನೆಂಟರು ನನ್ನನ್ನು ಕೇಳುವ ಪ್ರಶ್ನೆ ಇದು.

ಮೊದಲು ಮೂಲ ಫೋಟೊ ಹುಡುಕಿ. ತೆಗೆದವರ ಮೊಬೈಲಿನಲ್ಲಿದ್ದರೆ 'ಡಾಕ್ಯುಮೆಂಟ್' ಆಗಿ ಕಳಿಸೋಕೆ ಹೇಳಿ, ಗಾತ್ರ ಕುಗ್ಗಲ್ಲ. ಆಮೇಲೆ ಲೆಕ್ಕ: 12×18 ಇಂಚಿನ ಪ್ರಿಂಟ್‌ಗೆ ಇಂಚಿಗೆ 300ರಂತೆ 3600×5400 ಪಿಕ್ಸೆಲ್ ಬೇಕು. ಗೋಡೆಯ ಮೇಲೆ ದೂರದಿಂದ ನೋಡೋದಾದರೆ ಇಂಚಿಗೆ 150 ಸಾಕು.

ಅಷ್ಟೂ ಇಲ್ಲದಿದ್ದರೆ ಸಾಫ್ಟ್‌ವೇರ್. ಉಚಿತವಾಗಿ ಸಿಗುವ ಗಿಂಪ್, ಅಕ್ಕಪಕ್ಕದ ಪಿಕ್ಸೆಲ್ ನೋಡಿ ನಡುವಿನ ಬಣ್ಣ ತುಂಬುತ್ತೆ. ತುಂಬಾ ಹಿಗ್ಗಿಸಿದರೆ ಮಸುಕಾಗುತ್ತೆ, ಆದರೆ ಸುಳ್ಳು ಹೇಳಲ್ಲ. ಅಪ್‌ಸ್ಕೇಲ್ (ಉಚಿತ), ಟೋಪಾಜ್ ಗಿಗಾಪಿಕ್ಸೆಲ್‌ನಂಥ (ದುಡ್ಡು ಕೊಡಬೇಕು) ಎಐ ಸಾಫ್ಟ್‌ವೇರ್‌ಗಳು ಇಲ್ಲದ ವಿವರವನ್ನು ಊಹಿಸಿ ಬರೆಯುತ್ತವೆ. ಮರ, ಗೋಪುರ, ಸೀರೆಯ ಅಂಚಿಗೆ ಅದು ಸರಿ. ಮುಖದಲ್ಲಿ ಮಾತ್ರ ಸುಕ್ಕು ಮಾಯವಾಗಿ, ಕಣ್ಣು ಬೇರೆಯವರದಾಗಬಹುದು.

ಹಾಗಾಗಿ ನನ್ನ ಸಲಹೆ: ಮುಖ ತಿದ್ದುವ ಆಯ್ಕೆಯನ್ನು ಆಫ್ ಮಾಡಲು ಬರುವಂಥದ್ದನ್ನೇ ಆರಿಸಿ. ಮುಖದ ಭಾಗವನ್ನಷ್ಟೇ 4×6ರಲ್ಲಿ ಮೊದಲು ಪ್ರಿಂಟ್ ಹಾಕಿಸಿ ಅಜ್ಜಿಗೆ ತೋರಿಸಿ. ಅವರು "ಇದು ಯಾರು?" ಅಂದರೆ, ಮಸುಕಾದ ಫೋಟೊನೇ ಚಿಕ್ಕದಾಗಿ ಹಾಕಿಸೋದು ಮೇಲು.