ಸ್ವಾತಂತ್ರ್ಯೋತ್ಸವದ ಮನೆಯ ಸಿಂಗಾರ

ಸಂಸ್ಕೃತದಲ್ಲಿ ‘ಅಲಂ’ ಎಂಬ ಅವ್ಯಯಕ್ಕೆ ‘ಸಾಕು’ ಎಂಬ ಅರ್ಥವುಂಟು. ‘ಅಲಂಕಾರ’ವೆಂಬ ಮಾತು ಅದರಿಂದಲೇ ಹುಟ್ಟಿರುವದು. ಎಷ್ಟರಿಂದ ನೋಡುವವರ ಕಣ್ಣು ತಣಿಯುವದೋ ಅಷ್ಟು ಮಾಡುವದೇ ಅಲಂಕಾರ. ಅದಕ್ಕೆ ಮಿಕ್ಕಿದ್ದು ಆಡಂಬರ. ಆಗಸ್ಟ್ 15 ಮತ್ತು ಜನೇವರಿ 26 ಬಂದಾಗ ಈ ಅರ್ಥವನ್ನು ನಮ್ಮ ಗೃಹಿಣಿಯರು ನೆನೆಯಬೇಕೆಂದು ನಮಗೆ ತೋರುವದು. ಯಾಕಂದರೆ ಆ ದಿನಗಳ ಮರುದಿನ ಬೆಳಿಗ್ಗೆ ಬೀದಿಯ ಗಟಾರದ ದಂಡೆಯಲ್ಲಿ ಬಿದ್ದಿರುವ ಪುಟ್ಟ ಧ್ವಜಗಳನ್ನು ಯಾರು ಕಂಡಿಲ್ಲ? ಹಿಂದಿನ ದಿನ ವಂದಿಸಿದ ಕೈಯೇ ಅವನ್ನು ಅಲ್ಲಿ ಬಿಸುಟಿರುವದು.

ಆದುದರಿಂದ ಮೊದಲು ಒಂದು ಭೇದವನ್ನು ಮಕ್ಕಳಿಗೆ ತಿಳಿಸಿಕೊಡಬೇಕು. ಧ್ವಜವು ಬೇರೆ, ಸಿಂಗಾರವು ಬೇರೆ. 1947ನೆಯ ಜುಲೈ 22ರಂದು ಸಂವಿಧಾನ ಸಭೆಯು ಅಂಗೀಕರಿಸಿದ ಧ್ವಜಕ್ಕೆ ಅಳತೆಯುಂಟು. ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ನಡುವಿನ ಕಡುನೀಲಿ ಚಕ್ರಕ್ಕೆ 24 ಅರೆಗಳು. 2002ನೆಯ ಜನೇವರಿ 26ರಿಂದ ಜಾರಿಗೆ ಬಂದ ಧ್ವಜಸಂಹಿತೆಯು, ಧ್ವಜವನ್ನು ತೋರಣವಾಗಿಯಾಗಲಿ, ಗೊಂಡೆಯಾಗಿಯಾಗಲಿ, ಮತ್ತಾವ ಅಲಂಕಾರಕ್ಕಾಗಲಿ ಬಳಸಕೂಡದೆಂದೂ, ನೆಲಕ್ಕೆ ತಾಗಗೊಡಬಾರದೆಂದೂ ವಿಧಿಸಿದೆ. ಪ್ಲಾಸ್ಟಿಕ್ ಧ್ವಜಗಳಂತೂ 2022ನೆಯ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧವಾಗಿವೆ. ಅಂದಮೇಲೆ ಮನೆಗೆ ಧ್ವಜವು ಒಂದೇ ಸಾಕು. ಅದು ಬಟ್ಟೆಯದಾಗಿದ್ದರೆ ಲೇಸು. ಗರಗದ ಖಾದಿಬಟ್ಟೆಯೂ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸಿದ್ಧವಾಗುವ ಧ್ವಜಗಳೂ ದೇಶಕ್ಕೆಲ್ಲ ಹೆಸರಾಗಿರುವಾಗ ಗದಗ ಸೀಮೆಯವರು ದೂರ ಹುಡುಕಬೇಕಾದುದಿಲ್ಲ. ಕೇಸರಿಯು ಮೇಲಿರುವಂತೆ ಅದನ್ನು ಕಟ್ಟಿ, ಮಿಕ್ಕ ಸಿಂಗಾರವನ್ನೆಲ್ಲ ಬಿಡಿಬಿಡಿಯಾದ ಬಣ್ಣಗಳಿಂದ ಮಾಡತಕ್ಕದ್ದು.

ಹಸಿರಿಗೆ ಬಣ್ಣವನ್ನು ಕೊಳ್ಳುವ ಕಾರಣವಿಲ್ಲ. ಮಾವಿನೆಲೆಯ ತೋರಣಕ್ಕಿಂತ ಮಿಗಿಲಾದ ಹಸಿರು ಯಾವ ಅಂಗಡಿಯಲ್ಲಿ ದೊರೆತೀತು? ಅಬ್ಬಲಿಗೆ, ಬಿಳಿಯ ಕಣಗಿಲೆ ಅಥವಾ ಸೇವಂತಿಗೆ, ಮರುಗ ಇವನ್ನು ಸರತಿಯಿಂದ ಕಟ್ಟಿದರೆ ಮೂರು ಬಣ್ಣದ ಮಾಲೆಯಾಗುವದು. ಹಿತ್ತಲಿದ್ದವರಿಗೆ ಇದಕ್ಕೆ ನೂಲಿನ ಖರ್ಚಷ್ಟೇ.

ಕಾಗದದ ಪತಾಕೆಗಳಿಗೆ ಮಕ್ಕಳ ಹಳೆಯ ವಹಿಗಳಲ್ಲಿ ಉಳಿದ ಬರಿಯ ಹಾಳೆಗಳು ಸಾಲುವವು. ಅವನ್ನು ಮೂರು ಮೂಲೆಯಾಗಿ ಕತ್ತರಿಸಬೇಕು. ಅರ್ಧದಷ್ಟನ್ನು ಬಿಳಿಯದಾಗಿಯೇ ಇಟ್ಟು, ಉಳಿದರ್ಧವನ್ನು ಅರಿಸಿನದ ನೀರಿನಲ್ಲಿ ಅದ್ದುವದು. ಆ ನೀರಿಗೆ ಕಡಲೆಕಾಳಿನಷ್ಟು ತಿನ್ನುವ ಸುಣ್ಣವನ್ನು ಕದಡಿದರೆ ಹಳದಿಯು ಕೇಸರಿಗೆ ತಿರುಗುವದು. ಹೆಚ್ಚಾದರೆ ಆರತಿಯ ಓಕುಳಿಯಂತೆ ಕೆಂಪಾಗುವದು. ಸುಣ್ಣದ ಕೆಲಸವನ್ನು ಹಿರಿಯರೇ ಮಾಡಬೇಕು. ಅರಿಸಿನವು ಬಿಸಿಲಿಗೆ ಬೇಗನೆ ಮಾಸುವದರಿಂದ ಹಾಳೆಗಳನ್ನು ನೆರಳಿನಲ್ಲಿ ಆರಿಸತಕ್ಕದ್ದು. ಅಂಟಿಗಾಗಿ ಎರಡು ಚಮಚೆ ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದು ಬಟ್ಟಲು ನೀರಿಗೆ ಸುರಿದು, ಹೊಳಪು ಬರುವವರೆಗೆ ಕದಡಿ ಇಳಿಸಿದರಾಯಿತು. ಪತಾಕೆಯ ಅಂಚನ್ನು ಎರಡು ಬೆರಳಿನಷ್ಟು ದಾರದ ಮೇಲೆ ಮಡಿಚಿ ಅಂಟಿಸಿ, ಎರಡು ಪತಾಕೆಗಳ ನಡುವೆ ಒಂದು ಮಾವಿನೆಲೆಯನ್ನು ಕಟ್ಟಿದರೆ ಮೂರು ಬಣ್ಣಗಳೂ ಕೂಡಿಬರುವವು.

ಇನ್ನು ನಮ್ಮ ಬಿಂಕದಕಟ್ಟಿಯಂಥ ಎರೆನೆಲದ ಊರುಗಳಿಗೆ ದೇವರು ಒಂದು ವಿಶೇಷ ಸಾಮಗ್ರಿಯನ್ನು ಕೊಟ್ಟಿರುವನು. ಅದು ಜೋಳದ ದಂಟು. ಹಿಂಗಾರಿಯ ಕಣಿಕೆಯು ಬಣವೆಯಲ್ಲಿರುವಾಗ ನಾಲ್ಕು ದಂಟುಗಳಿಗೆ ಬಡತನವೆಲ್ಲಿಯದು? ಮೇಲಿನ ಸಿಬರನ್ನು ಸುಲಿದರೆ ಒಳಗೆ ಹಗುರವಾದ ಬೆಂಡು ಸಿಕ್ಕುವದು. ಸಿಬರೇ ಮೊಳೆ, ಬೆಂಡೇ ಕಟ್ಟಿಗೆ. ಹಳ್ಳಿಯ ಹುಡುಗರು ಅದರಿಂದ ಬಂಡಿಯನ್ನು ಮಾಡುವದು ಹಳೆಯ ಆಟ. ಅದೇ ಕೈಗಳು ಪುಟ್ಟ ಚರಕವನ್ನೂ ಮಾಡಬಲ್ಲವು. ಎರಡು ಗಾಲಿ, ನಡುವೆ ಒಂದು ಅಚ್ಚು, ಗಾಲಿಯಿಂದ ಕದಿರಿಗೆ ಒಂದು ನೂಲು. ಪಡಸಾಲೆಯಲ್ಲಿ ಇದನ್ನಿಟ್ಟು, ಚರಕವೆಂದರೇನು, ಅದನ್ನು ತಿರುಗಿಸಿದವರು ಯಾತಕ್ಕಾಗಿ ಸೆರೆಮನೆಗೆ ಹೋದರು ಎಂದು ಅಜ್ಜನಾದವನು ಹೇಳಿದರೆ ಅದೇ ಆ ದಿನದ ಉಪನ್ಯಾಸ. ಸಿಬರಿನ ಅಂಚು ಕತ್ತಿಯಷ್ಟೇ ಹರಿತವೆಂಬ ಎಚ್ಚರವಿರಲಿ.

ರಂಗವಲ್ಲಿಯ ವಿಷಯದಲ್ಲಿ ಒಂದು ಮಾತು. ಅಂಗಳದ ನೆಲದ ಮೇಲೆ ಧ್ವಜವನ್ನೇ ಬರೆಯುವದು ಯೋಗ್ಯವಲ್ಲ. ಬಂದುಹೋಗುವವರ ಕಾಲು ಅದಕ್ಕೆ ತಾಗದೆ ಇರದು. ಮೂರು ಬಣ್ಣದ ಕಮಲವನ್ನೋ, ನವಿಲನ್ನೋ ಬರೆಯಿರಿ. ಕೈಯ ಜಾಣ್ಮೆಯೂ ತೋರುವದು, ಮರ್ಯಾದೆಯೂ ಉಳಿಯುವದು.

ಕಟ್ಟಿದ್ದನ್ನು ಬಿಚ್ಚುವದೂ ಹಬ್ಬದ ಒಂದು ಅಂಗವೇ. ಧ್ವಜವನ್ನು ಮಡಿಚಿ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಮಕ್ಕಳು ಶಾಲೆಯಿಂದ ತಂದ ಕಾಗದದ ಧ್ವಜಗಳನ್ನು ಎಣಿಸಿ ತೆಗೆದಿಡಬೇಕು; ಹರಿದುಹೋದವನ್ನು ಬೀದಿಗೆ ಎಸೆಯದೆ, ಮನೆಯೊಳಗೆ ಗೌರವದಿಂದ ಅಗ್ನಿಗೆ ಕೊಡಬೇಕು. ಪತಾಕೆಗಳನ್ನು ಮುಂದಿನ ಜನೇವರಿಗೆ ಕಾಯ್ದಿರಿಸಿ, ಹೂವು ಎಲೆಗಳನ್ನು ತಿಪ್ಪೆಗೆ ಹಾಕಿದರೆ ಅವು ಹೊಲಕ್ಕೆ ಗೊಬ್ಬರವಾಗುವವು. ಆಗಸ್ಟ್ 16ರ ಮುಂಜಾನೆ ಮನೆಯ ಮುಂದಿನ ಬೀದಿಯು ಚೊಕ್ಕಟವಾಗಿದ್ದರೆ ಆ ಮನೆಯವರು ಸ್ವಾತಂತ್ರ್ಯೋತ್ಸವವನ್ನು ಚೆನ್ನಾಗಿ ಆಚರಿಸಿದರೆಂದು ತಿಳಿಯಬಹುದು.