ಕಾಳು ಬೇಯಲ್ಲ ಅನ್ನೋರಿಗೆ: ಕಾಲು ಕೆಜಿ ಹುರುಳಿಯಲ್ಲಿ ಎರಡು ಅಡುಗೆ

ಸಂಕ್ರಾಂತಿ ದಾಟಿದ ಮೇಲೆ ನಮ್ಮ ಕಡೆ ಪ್ರತಿ ವರ್ಷ ಒಂದು ವಿಚಿತ್ರ ವ್ಯಾಪಾರ ನಡೆಯುತ್ತೆ. ರಾಗಿ ಹೊಲದ ಅಕ್ಕಡಿ ಸಾಲಿನ ಅವರೆ, ಹಿಂಗಾರಿನಲ್ಲಿ ಚೆಲ್ಲಿದ್ದ ಹುರುಳಿ, ಎಲ್ಲವೂ ಮೂಟೆ ಕಟ್ಟಿ ಮಂಡಿಗೆ ಹೋಗುತ್ತೆ. ಮೂಟೆ ಇಳಿಸಿದ ಹುಡುಗನೇ ವಾಪಸ್ ಬರುವಾಗ ಬೈಕಿನ ಹ್ಯಾಂಡಲ್‌ಗೆ ತೊಗರಿಬೇಳೆ ಪ್ಯಾಕೆಟ್ ನೇತುಹಾಕಿಕೊಂಡು ಬರ್ತಾನೆ. ಯಾಕಪ್ಪಾ ಅಂದ್ರೆ, ಕಾಳು ಬೇಯಿಸೋಕೆ ಯಾರಿಗಿದೆ ಟೈಮು, ಗ್ಯಾಸ್ ಬೇರೆ ಖರ್ಚು ಅನ್ನೋ ಉತ್ತರ.

ಟೈಮಿಲ್ಲ ಅನ್ನೋದನ್ನ ನಾನು ಅಷ್ಟು ನಂಬಲ್ಲ. ಕಾಳು ಬೇಯೋದೇ ಇಲ್ಲ, ಎಷ್ಟು ವಿಷಲ್ ಹಾಕಿದ್ರೂ ಕಲ್ಲಿನ ಹಾಗೇ ಇರುತ್ತೆ ಅನ್ನೋದು ನಿಜವಾದ ತೊಂದರೆ. ಎರಡು ಸಲ ಹಾಗಾದ್ರೆ ಮನೆಯವರು ಕಾಳಿನ ಡಬ್ಬಿ ಮುಟ್ಟೋದನ್ನೇ ಬಿಡ್ತಾರೆ. ತೋಟಗಾರಿಕೆ ಓದಿ, ಈಗ ಸಾವಯವದಲ್ಲಿ ತರಕಾರಿ, ಕಾಳು ಬೆಳೆದು ನೇರವಾಗಿ ಮಾರುವ ನನಗೆ ಇದು ಬರೀ ಅಡುಗೆಮನೆ ವಿಷಯ ಅಲ್ಲ. ನನ್ನ ಪ್ಯಾಕೆಟ್ಟಿನ ಕಾಳು ಬೇಯದಿದ್ದರೆ ಆ ಗಿರಾಕಿ ಮತ್ತೆ ಬರಲ್ಲ.

ಹೋದ ವರ್ಷ ಒಬ್ಬ ಗಿರಾಕಿ ಫೋನ್ ಮಾಡಿ, ನಿಮ್ಮ ಹುರುಳಿ ಎಂಟು ವಿಷಲ್‌ಗೂ ಬೇಯಲಿಲ್ಲ ಅಂದರು. ಅದೇ ಚೀಲದ ಹುರುಳಿ ನಮ್ಮ ಮನೆಯಲ್ಲಿ ಬೆಣ್ಣೆ ಹಾಗೆ ಬೇಯ್ತಾ ಇತ್ತು. ಬಿಡಿಸಿ ಕೇಳಿದಾಗ ಗೊತ್ತಾಯ್ತು: ಅವರದು ಬೋರ್‌ವೆಲ್ ನೀರು, ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವಂಥ ಗಡಸು ನೀರು. ಜೊತೆಗೆ ಕುಕ್ಕರ್ ಮುಚ್ಚೋ ಮೊದಲೇ ಟೊಮೆಟೊ, ಹುಣಸೆಹುಳಿ ಎರಡೂ ಹಾಕಿದ್ದರು. ನೀರು ಬದಲಾಯಿಸಿ, ಹುಳಿ ಕೊನೆಗೆ ಹಾಕಿ ಅಂದೆ. ಮುಂದಿನ ವಾರ ಇನ್ನೂ ಎರಡು ಕೆಜಿ ತರಿಸಿಕೊಂಡರು.

ಕಾರಣ ಸರಳ. ಕಾಳಿನೊಳಗಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರೋದು ಪೆಕ್ಟಿನ್. ಹಣ್ಣಿನ ಜಾಮ್ ಗಟ್ಟಿಯಾಗೋದೂ ಇದರಿಂದಲೇ. ಬೇಯುವುದು ಅಂದ್ರೆ ಈ ಪೆಕ್ಟಿನ್ ಕರಗಿ ಕೋಶಗಳು ಬಿಡಿಬಿಡಿಯಾಗೋದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಪೆಕ್ಟಿನ್‌ನ ಇನ್ನೂ ಬಿಗಿಯಾಗಿ ಕಟ್ಟಿಹಾಕುತ್ತವೆ. ಹುಳಿಯೂ ಅದು ಕರಗೋದನ್ನ ತಡೆಯುತ್ತೆ. ಮೂರನೇ ಕಾರಣ ಕಾಳಿನ ವಯಸ್ಸು. ಬಿಸಿ ಮತ್ತು ತೇವ ಇರೋ ಜಾಗದಲ್ಲಿ ತಿಂಗಳುಗಟ್ಟಲೆ ಬಿದ್ದ ಕಾಳಿನಲ್ಲಿ ಈ ಬಿಗಿತ ಒಳಗೇ ಆಗಿಹೋಗಿರುತ್ತೆ. ಶೀಟ್ ಮನೆಯ ಅಟ್ಟದ ಮೇಲೆ ಎರಡು ಬೇಸಿಗೆ ಕಂಡ ಹುರುಳಿಗೆ ನೀವು ಏನೇ ಮಾಡಿದ್ರೂ ಹೊಸ ಕಾಳಿನ ಹಾಗೆ ಬೇಯಲ್ಲ.

ಉಪ್ಪಿನ ಬಗ್ಗೆ ಒಂದು ತಪ್ಪು ನಂಬಿಕೆ ಇದೆ, ಮೊದಲೇ ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತ. ನೆನೆಸೋ ನೀರಿಗೆ ಉಪ್ಪು ಹಾಕಿದರೆ ಆಗೋದು ಉಲ್ಟಾ. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರೋ ಕ್ಯಾಲ್ಸಿಯಂನ ಜಾಗ ಹಿಡಿದು ಸಿಪ್ಪೆಯನ್ನ ಮೆದು ಮಾಡುತ್ತೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಾಕು.

ಈಗ ಅಡುಗೆಗೆ ಬರೋಣ. ನಮ್ಮ ಮನೆಯಲ್ಲಿ ಕೆಲಸಕ್ಕೆ ಆಳು ಬಂದ ದಿನ ಮಾಡೋದು ಇದನ್ನೇ: ಹುರುಳಿಕಟ್ಟಿನ ಸಾರು, ಹುರುಳಿಕಾಳು ಪಲ್ಯ, ಮುದ್ದೆ. ಐದು ಜನಕ್ಕೆ ಕಾಲು ಕೆಜಿ ಹುರುಳಿ.

ಕಾಳನ್ನು ಮೊದಲು ಮೊರದಲ್ಲಿ ಹಾಕಿ ಚೆನ್ನಾಗಿ ಆರಿಸಿ. ರಸ್ತೆ ಮೇಲೆ ಒಕ್ಕಣೆ ಮಾಡಿದ ಹುರುಳಿಯಲ್ಲಿ ಕಾಳಿನ ಬಣ್ಣದ್ದೇ ಸಣ್ಣ ಕಲ್ಲು ಇರುತ್ತೆ, ಹಲ್ಲಿಗೆ ಸಿಕ್ಕಿದ ಮೇಲೇ ಗೊತ್ತಾಗೋದು. ಎರಡು ಮೂರು ಸಲ ತೊಳೆದು ರಾತ್ರಿ ಉಪ್ಪುನೀರಿನಲ್ಲಿ ನೆನೆಹಾಕಿ, 8ರಿಂದ 10 ಗಂಟೆ. ಮರೆತುಹೋಗುತ್ತೆ ಅನ್ನೋರು ಮೊಬೈಲಿನಲ್ಲಿ ರಾತ್ರಿ 9ಕ್ಕೆ ಅಲಾರಂ ಇಡಿ. ಬೆಳಿಗ್ಗೆ ಆ ನೀರು ಚೆಲ್ಲಿ, ಕಾಳು ತೊಳೆದು, ಐದು ಲೀಟರ್ ಕುಕ್ಕರ್‌ಗೆ ಹಾಕಿ ಒಂದೂಕಾಲು ಲೀಟರ್ ನೀರು ಹಾಕಿ. ಬೋರ್ ನೀರು ಗಡಸಿದ್ದರೆ ನೆನೆಸೋಕೂ ಬೇಯಿಸೋಕೂ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ. ಹಿಡಿದಿಟ್ಟ ಮಳೆನೀರಿದ್ದರೆ ಇನ್ನೂ ಒಳ್ಳೆಯದು. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಕಾಳು ನೊರೆ ಉಕ್ಕಿಸಿ ವಿಷಲ್ ಕಟ್ಟಿಕೊಳ್ಳುತ್ತೆ.

ಒಂದು ವಿಷಲ್ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ 15ರಿಂದ 20 ನಿಮಿಷ ಬಿಡಿ. ಗ್ಯಾಸ್ ಉಳಿಯೋದು ಇಲ್ಲೇ. ದೊಡ್ಡ ಉರಿಯಲ್ಲಿ ಹತ್ತು ವಿಷಲ್ ಕೂಗಿಸಿದರೆ ಹಬೆ ಹೊರಗೆ ಹೋಗುತ್ತೆ ಅಷ್ಟೇ, ಒಳಗಿನ ಬಿಸಿ ಏರಲ್ಲ. ಆಫ್ ಮಾಡಿದ ಮೇಲೆ ವೆಯ್ಟ್ ಎತ್ತೋಕೆ ಹೋಗ್ಬೇಡಿ, ತಾನಾಗೇ ಇಳೀಲಿ, ಆ ಹತ್ತು ನಿಮಿಷವೂ ಕಾಳು ಬೇಯ್ತಾನೇ ಇರುತ್ತೆ. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ ನೋಡಿ. ಮಧ್ಯದಲ್ಲಿ ಗಟ್ಟಿ ಇರಬಾರದು.

ಬೆಂದ ಕಾಳನ್ನು ಬಸಿದರೆ ಕೆಳಗೆ ಇಳಿಯೋದೇ ಕಟ್ಟು, ಸಾರಿನ ಜೀವ ಅದು. ಎರಡು ಸೌಟು ಬೆಂದ ಕಾಳು, ಬಾಡಿಸಿದ ಅರ್ಧ ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕಾಯಿತುರಿ, ಜೀರಿಗೆ, ಮೆಣಸು, ಎರಡು ಚಮಚ ಸಾರಿನ ಪುಡಿ, ಇಷ್ಟನ್ನೂ ನುಣ್ಣಗೆ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ ಹಾಕೋದು ಈಗ. ಕಾಳು ಆಗಲೇ ಬೆಂದಿರೋದರಿಂದ ಹುಳಿ ಅದನ್ನೇನೂ ಮಾಡಲ್ಲ. ಹತ್ತು ನಿಮಿಷ ಕುದ್ದ ಮೇಲೆ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಮಾರನೇ ದಿನ ಬಿಸಿ ಮಾಡಿದರೆ ಇನ್ನೂ ರುಚಿ, ನಮ್ಮಲ್ಲಿ ಅದಕ್ಕೇ ಜಗಳ. ಉಳಿದ ಕಾಳಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿದರೆ ಪಲ್ಯ ಆಯ್ತು.

100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಕಾಲು ಕೆಜಿಯಲ್ಲಿ 55 ಗ್ರಾಂ, ಐದು ಜನಕ್ಕೆ ತಲಾ 11. ಹೆಚ್ಚೂಕಮ್ಮಿ ಎರಡು ಮೊಟ್ಟೆಯಷ್ಟು. ನೀವು ಹುರುಳಿ ಮಾರಿದ ದರ ಹಿಡಿದು ಕಾಲು ಕೆಜಿಗೆ ಎಷ್ಟಾಯ್ತು ನೋಡಿ, ಪಕ್ಕದಲ್ಲಿ ಹತ್ತು ಮೊಟ್ಟೆಯ ಬೆಲೆ ಬರೆದುಕೊಳ್ಳಿ. ಎತ್ತಿಗೆ ಹಾಕೋ ಕಾಳು ಅಂತ ಮೂಗು ಮುರಿಯೋರಿಗೆ ನಾನು ಹೇಳೋದಿಷ್ಟೇ, ಉಳುಮೆ ಮಾಡ್ತಿದ್ದಿದ್ದು ಆ ಎತ್ತುಗಳೇ.

ನೆನೆಹಾಕೋದು ಮರೆತೇ ಹೋಯ್ತು ಅಂದ್ರೆ ಎರಡು ಮೂರು ನಿಮಿಷ ಕುದಿಸಿ, ಮುಚ್ಚಿ ಒಂದು ಗಂಟೆ ಬಿಟ್ಟು, ನೀರು ಬದಲಿಸಿ ಬೇಯಿಸಿ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯೋದು ನಿಜ. ಹಳೆ ಕಾಳಿಗೆ ಎರಡು ಚಿಟಿಕೆ ಹಾಕಿ, ಹೆಚ್ಚಾದರೆ ಕಾಳು ಲೋಳೆಯಾಗಿ ಸೋಪಿನ ರುಚಿ ಬರುತ್ತೆ, ಬಿ1 ಜೀವಸತ್ವವೂ ಹಾಳಾಗುತ್ತೆ. ಹೊಟ್ಟೆ ಉಬ್ಬರಿಸುತ್ತೆ ಅನ್ನೋರು ನೆನೆಸಿದ ಕಾಳನ್ನ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಬೇಯಿಸಿ, ಉಬ್ಬರಿಸೋ ಸಕ್ಕರೆ ಅಂಶ ಮೊಳಕೆಯಲ್ಲಿ ಕಡಿಮೆಯಾಗುತ್ತೆ.

ಇದೇ ಕ್ರಮ ಅಲಸಂದೆ, ಒಣ ಅವರೆ, ಕಡಲೆಗೂ ನಡೆಯುತ್ತೆ, ಸಮಯ ಮಾತ್ರ ಹೆಚ್ಚುಕಮ್ಮಿ. ರಾಜ್ಮಾ ವಿಷಯದಲ್ಲಿ ಮಾತ್ರ ಹುಷಾರು. ಹುರುಳಿಕಾಯಿ ಅಂತ ನಾವು ಕರೆಯೋ ಬೀನ್ಸ್‌ಗೂ ಹುರುಳಿಗೂ ಹೆಸರು ಬಿಟ್ಟರೆ ಸಂಬಂಧ ಇಲ್ಲ. ಆ ಬೀನ್ಸ್ ಜಾತಿಯದೇ ಒಣ ಬೀಜ ರಾಜ್ಮಾ. ಹಸಿ ರಾಜ್ಮಾದಲ್ಲಿ, ಅದರಲ್ಲೂ ಕೆಂಪು ಬಣ್ಣದ್ದರಲ್ಲಿ, ವಾಂತಿ ಭೇದಿ ತರೋ ಲೆಕ್ಟಿನ್ ಜಾಸ್ತಿ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುದಿಸಿ ಚೆನ್ನಾಗಿ ಬೇಯಿಸಲೇಬೇಕು. ಕುಕ್ಕರ್ ಸರಿ, ಕುದಿ ಬಾರದ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಡೋದು ಅಪಾಯ.

ಬೇಯುವ ಕಾಳು ಬೇಕಾದ್ರೆ ಕೆಲಸ ಕಣದಿಂದಲೇ ಶುರು. ಮಾರೋ ಮೊದಲು, ಇಲ್ಲಾ ಯಾರ ಹತ್ರನಾದ್ರೂ ಮೂಟೆ ಕೊಳ್ಳೋ ಮೊದಲು, 100 ಕಾಳು ಎಣಿಸಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಊದದೇ ಉಳಿದವು ಹತ್ತು ಹದಿನೈದು ದಾಟಿದರೆ ನಾನು ಆ ಮೂಟೆಯನ್ನ ಊಟಕ್ಕೆ ತಗೊಳ್ಳಲ್ಲ. ಮನೆಗೆ ಇಟ್ಟುಕೊಳ್ಳೋ ಕಾಳನ್ನ ಹಲ್ಲಲ್ಲಿ ಕಚ್ಚಿದರೆ ಟಕ್ ಅಂತ ಒಡೆಯುವಷ್ಟು ಒಣಗಿಸಿ, ಪೂರ್ತಿ ಆರಿದ ಮೇಲೇ ತುಂಬಿ. ಕಾಳಿನ ಹುಳು ಮನೆಗೆ ಬಂದು ಹತ್ತೋದಲ್ಲ, ಬಹಳ ಸಲ ಹೊಲದಲ್ಲಿ ಕಾಯಿ ಮೇಲೇ ಮೊಟ್ಟೆ ಇಟ್ಟಿರುತ್ತೆ. ಹಳಬರು ಕೆಮ್ಮಣ್ಣು ಕಟ್ಟುತ್ತಿದ್ದರು, ಹರಳೆಣ್ಣೆ ಸವರುತ್ತಿದ್ದರು, ಎರಡೂ ಈಗಲೂ ಕೆಲಸ ಮಾಡುತ್ತೆ.

ನಾನು ಬಳಸೋದು ಖಾಲಿ ಎರಡು ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿ. ಒಳಗೆ ಒಂದು ಹನಿ ನೀರಿರದ ಹಾಗೆ ಒಣಗಿಸಿ, ಕುಟ್ಟಿ ಕುಟ್ಟಿ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಳ ಹಾಕಿದರೆ ಹುಳಕ್ಕೆ ಗಾಳಿ ಸಿಗಲ್ಲ, ಸಾಯುತ್ತೆ. ಗೊಬ್ಬರದ ಅಂಗಡಿಯಲ್ಲಿ ಯಾರಾದ್ರೂ ಕಾಳಿಗೆ ಹಾಕೋ ಮಾತ್ರೆ ಕೊಟ್ಟರೆ ಮನೆಗೆ ತರಲೇಬೇಡಿ. ಅದರಿಂದ ಬರೋ ಫಾಸ್ಫೀನ್ ಅನಿಲ ಮಲಗಿದ್ದವರನ್ನೇ ಕೊಲ್ಲುತ್ತೆ. ಬಣ್ಣದ ಔಷಧಿ ಹಚ್ಚಿದ ಬಿತ್ತನೆ ಬೀಜ ಉಳಿದಿದ್ದರೆ ಅದನ್ನೂ ಅಡುಗೆಮನೆಗೆ ತರಬೇಡಿ, ಎಷ್ಟು ತೊಳೆದರೂ ತಿನ್ನೋಕೆ ಬರಲ್ಲ.

ಬಾಟಲಿಗಳನ್ನ ಅಟ್ಟದ ಮೇಲೆ ಇಡಬೇಡಿ, ಮಂಚದ ಕೆಳಗೆ ನೆಲಕ್ಕೆ ಹತ್ತಿರ ತಂಪಿನಲ್ಲಿಡಿ. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಕೊಯ್ಲಿನ ತಿಂಗಳು, ವರ್ಷ ಬರೆದು, ಹಳೇದನ್ನ ಮೊದಲು ಬೇಯಿಸಿ.