ಅಥಣಿಯ ಚಪ್ಪಲಿಗೆ ಸರಪಳಿಯ ಸಾಕ್ಷಿ

ಕೊಲ್ಲಾಪುರದ ಪೇಟೆಯಲ್ಲಿ ಗಿರಾಕಿಯೊಬ್ಬರು ಒಂದು ಜೋಡಿ ಚಪ್ಪಲಿಯನ್ನು ಕೊಳ್ಳುತ್ತಾರೆ. ಮೆಟ್ಟಿ ನಾಲ್ಕು ಹೆಜ್ಜೆ ನಡೆದು, ಅದರ ಕಿರುಗುಟ್ಟುವ ಸದ್ದಿಗೆ ತಲೆದೂಗಿ, ಊರಿಗೆ ಬಂದು ‘ಅಪ್ಪಟ ಕೊಲ್ಲಾಪುರಿ’ ಎಂದು ಎಲ್ಲರಿಗೂ ತೋರಿಸುತ್ತಾರೆ. ಅದರ ಅಟ್ಟೆ ಕೂಡಿದುದು, ಪಟ್ಟಿ ಹೆಣೆದುದು ಅಥಣಿಯ ಯಾವುದೋ ಓಣಿಯ ಮನೆಯೊಂದರಲ್ಲಿ ಆಗಿರಬಹುದೆಂಬ ಸಂಗತಿ ಅವರಿಗೆ ತಿಳಿಯದು. ಅಂಗಡಿಯವರಿಗೆ ತಿಳಿದಿದ್ದರೂ ಅದನ್ನು ಹೇಳುವ ಗೋಜಿಗೆ ಅವರು ಹೋಗುವುದಿಲ್ಲ.

ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಗಳಲ್ಲಿ ಈ ಕಾಲ್ಮರಿಯ ಕಸುಬು ತಲೆಮಾರುಗಳಿಂದ ನಡೆದುಬಂದಿದೆ. ಜಾಲಿಯ ತೊಗಟೆ, ಅಳಲೆಕಾಯಿಗಳ ಸಾರದಲ್ಲಿ ಹದಗೊಂಡ ತೊಗಲು. ಮೊಳೆಯ ಸೋಂಕಿಲ್ಲದೆ ತೊಗಲಿನ ದಾರದಿಂದಲೇ ಹಾಕಿದ ಹೊಲಿಗೆ. ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿಲೋಮೀಟರು ಮಾತ್ರ. 1956ರ ನವೆಂಬರ್ 1ರವರೆಗೆ ಈ ಸೀಮೆಯೆಲ್ಲ ಮುಂಬಯಿ ರಾಜ್ಯದಲ್ಲಿಯೇ ಇದ್ದುದರಿಂದ ಸರಕಿಗೆ ಗಡಿಯೂ ಇರಲಿಲ್ಲ. ಮಾಡಿದ ಊರು ಹಿಂದುಳಿದು, ಮಾರಿದ ಊರಿನ ಹೆಸರು ಲೋಕದಲ್ಲಿ ನಿಂತಿತು.

2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಾಗ ಈ ಅನ್ಯಾಯ ಕಾಗದದ ಮೇಲಾದರೂ ಸರಿಹೋಯಿತು. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ—ಹೀಗೆ ಎಂಟು ಜಿಲ್ಲೆಗಳು ಅದರಲ್ಲಿ ಸೇರಿದವು. ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್ ಎಂಬ ಸರ್ಕಾರಿ ನಿಗಮಗಳೆರಡೂ ಅದರ ಒಡೆತನ ಪಡೆದವು. ಆದರೆ ಕಾಗದ ಬೇರೆ, ಕಾಲು ಬೇರೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನದಲ್ಲಿ ಪ್ರಾಡಾ ಸಂಸ್ಥೆಯ ರೂಪದರ್ಶಿಗಳು ಇದೇ ಮಾದರಿಯ ಪಾದರಕ್ಷೆಗಳನ್ನು ಮೆಟ್ಟಿ ನಡೆದಾಗ, ಮೂಲದ ಮಾತು ಎಲ್ಲಿಯೂ ಬರಲಿಲ್ಲ. ಭಾರತದಲ್ಲಿ ಗದ್ದಲವೆದ್ದ ಮೇಲೆ ಸಂಸ್ಥೆ ಋಣವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ನಿಗಮಗಳೊಡನೆ ಒಪ್ಪಂದವಾಗಿ, ಸುಮಾರು 800 ಯೂರೋ ಬೆಲೆಯ 2,000 ಜೋಡಿಗಳನ್ನು ಇಲ್ಲಿಯೇ ಮಾಡಿಸುವ ಯೋಜನೆ ಪ್ರಕಟವಾಯಿತು.

ಇಷ್ಟು ಬೆಲೆ ಬಂದಮೇಲೆ ನಕಲಿಯೂ ಬರುತ್ತದೆ. ‘ಇದು ಯಾರ ಕೈಯದು?’ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. ಲಿಡ್ಕಾಂ ನಿಗಮವು 2025ರಲ್ಲಿ ಚಪ್ಪಲಿಗೆ ಕ್ಯು.ಆರ್. ಚೌಕವನ್ನು ಅಂಟಿಸುವ ಏರ್ಪಾಡು ಮಾಡಿತು. ಮೊಬೈಲು ಹಿಡಿದರೆ ತಯಾರಕರ ವಿವರ, ಜಿಲ್ಲೆ, ಬಳಸಿದ ಸಾಮಗ್ರಿ ತಿಳಿಯಬೇಕು. ಆದರೆ ಚೌಕವೆಂಬುದು ಬರಿಯ ಬಾಗಿಲು. ಅದರ ಹಿಂದಿನ ಖಾತೆಯನ್ನು ಯಾರೂ ತಿದ್ದಲಾಗದಂತೆ ಇಡುವುದು ಹೇಗೆ?

ಇಲ್ಲಿ ಬ್ಲಾಕ್‌ಚೈನ್ ಎಂಬ ವಿದ್ಯೆಯ ಪ್ರವೇಶ. ದೊಡ್ಡ ವ್ಯಾಪಾರಿಗಳು ಇದನ್ನು ಆಗಲೇ ಹಿಡಿದಿದ್ದಾರೆ. ತಮ್ಮ ಸರಕಿನ ಅಸಲಿತನವನ್ನು ಸಾರುವುದಕ್ಕಾಗಿ 2021ರಲ್ಲಿ ‘ಆರಾ’ ಎಂಬ ಒಕ್ಕೂಟವನ್ನು ಕಟ್ಟಿದವರಲ್ಲಿ ಪ್ರಾಡಾ ಕೂಡ ಒಂದು. ಅಂಗಡಿಯ ಕಿರ್ದಿ ಪುಸ್ತಕವನ್ನು ನೆನೆದರೆ ವಿಷಯ ಸುಲಭವಾದೀತು. ಪ್ರತಿಯೊಂದು ಪುಟದ ತಲೆಯಲ್ಲಿಯೂ ಹಿಂದಿನ ಪುಟದ ಬೆರಳಚ್ಚು. ಪುಸ್ತಕದ ಪ್ರತಿಗಳು ಒಬ್ಬರಲ್ಲಲ್ಲ, ಸಾವಿರಾರು ಜನರಲ್ಲಿ. ಹಳೆಯ ಪುಟದಲ್ಲಿ ಒಂದಕ್ಷರ ಕೆರೆದು ಬರೆದರೂ ಮುಂದಿನ ಬೆರಳಚ್ಚುಗಳೆಲ್ಲ ತಾಳೆ ತಪ್ಪುತ್ತವೆ. 2015ರ ಜುಲೈ 30ರಂದು ಆರಂಭವಾದ ಇಥೀರಿಯಂ ಇಂಥದೊಂದು ಸಾರ್ವಜನಿಕ ಸರಪಳಿ. ಯಾರು ಬೇಕಾದರೂ ಅದನ್ನು ಓದಬಹುದು. ಬರೆಯುವುದಕ್ಕೆ ಶುಲ್ಕವುಂಟು, ಓದುವುದಕ್ಕಿಲ್ಲ.

ಆದರೆ ಅದರ ಭಾಷೆ ಮನುಷ್ಯರದಲ್ಲ. ಸೊನ್ನೆಯಿಂದ ಒಂಬತ್ತು ಸಾಲದೆಂದು ಆರು ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳೊಡನೆ ಸೇರಿಸಿಕೊಂಡ ಲೆಕ್ಕ ಅದು. 2,000 ಜೋಡಿ ಎಂಬುದು ಅಲ್ಲಿ ‘7ಡಿ0’ ಎಂದು ಕಾಣಿಸುತ್ತದೆ! ಕಾಲವನ್ನು ಅದು 1970ರ ಜನವರಿ 1ರಿಂದ ಕಳೆದ ಕ್ಷಣಗಳಲ್ಲಿ ಎಣಿಸುತ್ತದೆ. ಇದನ್ನು ಓದಲು ತಂತ್ರಜ್ಞರು ‘ಕ್ಯಾಸ್ಟ್’ ಎಂಬಂಥ ಕಮಾಂಡ್ ಲೈನ್ ಸಲಕರಣೆಯನ್ನು ಬಳಸುತ್ತಾರೆ. ಕರಿಯ ತೆರೆ, ಒಂದು ಸಾಲಿನ ಆಜ್ಞೆ, ಒಂದು ಸಾಲಿನ ಉತ್ತರ. ಚಿತ್ರವಿಲ್ಲ, ಗುಂಡಿಯಿಲ್ಲ.

ಮನುಷ್ಯರಿಗೆ ಒರಟಾಗಿ ಕಾಣುವ ಈ ಸಲಕರಣೆಯೇ ಎ.ಐ. ಏಜೆಂಟಿಗೆ ಹೇಳಿ ಮಾಡಿಸಿದಂತಿದೆ. ಏಜೆಂಟು ಎಂದರೆ ಹೇಳಿದ ಕೆಲಸವನ್ನು ತಾನೇ ಹೆಜ್ಜೆಹೆಜ್ಜೆಯಾಗಿ ಮಾಡಿ ಮುಗಿಸುವ ಯಂತ್ರದ ಕಾರಭಾರಿ. ಅಕ್ಷರವೇ ಅದರ ಅನ್ನ. ಒಂದು ಜೋಡಿಯ ವಿವರ ಇಂಥ ಸರಪಳಿಗೆ ಏರಿದೆಯೆಂದಿಟ್ಟುಕೊಳ್ಳಿ. ಕೊಳ್ಳುವವರು ಅಚ್ಚಗನ್ನಡದಲ್ಲಿ, ‘ಈ ಚಪ್ಪಲಿ ಎಲ್ಲಿಯದು?’ ಎಂದು ಕೇಳುತ್ತಾರೆ. ಕಾರಭಾರಿ ಆ ಪ್ರಶ್ನೆಯನ್ನು ಆಜ್ಞೆಯ ಸಾಲಾಗಿ ಬರೆದು ಸಲಕರಣೆಗೆ ಕೊಡುತ್ತದೆ. ಸಲಕರಣೆ ಸರಪಳಿಯ ಪ್ರತಿಯಿರುವ ಯಂತ್ರವನ್ನು ಕೇಳಿ ತರುತ್ತದೆ. ಬಂದ ಅಂಕಿಗಳನ್ನು ಕಾರಭಾರಿ ಬಿಡಿಸಿ, ‘ಅಥಣಿಯದು, ಇಂಥ ದಿನ ದಾಖಲಾದುದು’ ಎಂದು ಹೇಳುತ್ತದೆ.

ಕಾರಭಾರಿಯನ್ನು ನೇಮಿಸಿದ ಯಜಮಾನರು ಎಚ್ಚರ ತಪ್ಪುವಂತಿಲ್ಲ. ಸಲಕರಣೆಗೆ ಉತ್ತರ ಸಿಗದೆ ಹೋದಾಗ, ಮೌನವಾಗಿರಬೇಕಾದ ಏಜೆಂಟು ತಾನೇ ಒಂದು ನಂಬುವಂಥ ಉತ್ತರವನ್ನು ಹೊಸೆದುಬಿಡುವುದುಂಟು. ಆದ್ದರಿಂದ ತಾನು ಕಂಡ ಮೂಲಸಾಲನ್ನೂ, ಅದು ಯಾವ ಪುಟದ್ದೆಂಬ ಸಂಖ್ಯೆಯನ್ನೂ ಉತ್ತರದ ಮಗ್ಗುಲಲ್ಲಿಯೇ ತೋರಿಸಬೇಕೆಂದು ಅದಕ್ಕೆ ಕಟ್ಟಪ್ಪಣೆ ಮಾಡಬೇಕು. ಓದುವ ಆಜ್ಞೆಗಳನ್ನಷ್ಟೇ ಅದರ ಕೈಗೆ ಕೊಡಬೇಕು. ಬರೆಯಲು ಬೇಕಾದ ಗುಪ್ತ ಕೀಲಿ ಮುದ್ರೆಯುಂಗುರವಿದ್ದಂತೆ. ಅದನ್ನು ಕಾರಭಾರಿಯ ಬೆರಳಿಗೆ ತೊಡಿಸಿದವರು ಆಮೇಲೆ ಯಾರನ್ನು ದೂರಬೇಕು?

ಇವೆಲ್ಲ ತಂತ್ರದ ತೊಡಕುಗಳು; ಬುದ್ಧಿವಂತರು ಬಿಡಿಸಿಯಾರು. ಕಠಿಣವಾದುದು ಮೊದಲನೆಯ ಸಾಲು. ಬರೆದುದು ಅಳಿಯದಂತೆ ಸರಪಳಿ ಕಾಯುತ್ತದೆ; ಬರೆದುದು ನಿಜವೇ ಎಂದು ಅದು ಕೇಳುವುದಿಲ್ಲ. ಯಂತ್ರದಲ್ಲಿ ಒತ್ತಿದ ನಕಲಿಯನ್ನು ಯಾರಾದರೂ ಅಥಣಿಯದೆಂದು ಬರೆದರೆ, ಆ ಸುಳ್ಳೂ ಅಷ್ಟೇ ಭದ್ರವಾಗಿ ಉಳಿಯುತ್ತದೆ. ಅಸಲಿ ಜೋಡಿಯ ಚೌಕವನ್ನು ಕಿತ್ತು ಬೇರೊಂದಕ್ಕೆ ಅಂಟಿಸಿದರೆ ಸರಪಳಿಗೆ ಕಾಣುವುದಿಲ್ಲ. ತೊಗಲನ್ನು ಮುಟ್ಟಿ, ಹೊಲಿಗೆಯನ್ನು ಮಡಿಸಿ ನೋಡಿ ಹೇಳಬಲ್ಲವರು ಇಂದಿಗೂ ಆ ಓಣಿಯವರೇ.

ಇನ್ನು ‘ತಯಾರಕರು’ ಎಂಬ ಕಲಮಿನಲ್ಲಿ ಯಾರ ಹೆಸರು? ತೊಗಲನ್ನು ಹದ ಮಾಡಿದವರು ಒಬ್ಬರು. ಅಟ್ಟೆ ಕತ್ತರಿಸಿ ಕೂಡಿಸುವುದು ಸಾಮಾನ್ಯವಾಗಿ ಗಂಡಸರ ಕೆಲಸ. ಎಳೆಯೆಳೆಯಾಗಿ ಪಟ್ಟಿ ಹೆಣೆದು ಅಂಚು ಹೊಲಿಯುವುದು ಮನೆಯ ಹೆಂಗಸರದು. ನೋಡುವವರ ಕಣ್ಣು ಮೊದಲು ಹೋಗುವುದು ಆ ಹೆಣಿಗೆಯ ಮೇಲೆಯೇ. ಅಡಿಗೆ, ಮಕ್ಕಳು, ನೀರು ಎಲ್ಲದರ ನಡುವೆ ಬಾಗಿಲ ಬಳಿಯ ಬೆಳಕಿನಲ್ಲಿ ಕುಳಿತು ಹೆಣೆದಾಕೆಯ ಹೆಸರನ್ನು ಕೊಳ್ಳುವವರಿರಲಿ, ಸರಕು ಒಯ್ಯುವ ದಲ್ಲಾಳಿಯೂ ಕೇಳಿರುವುದಿಲ್ಲ. ಏಜೆಂಟಾದರೋ ಖಾತೆಯಲ್ಲಿ ಒಂದೇ ಹೆಸರಿದ್ದರೆ ಆ ಒಂದನ್ನೇ ಹೇಳೀತು.

ಚಪ್ಪಲಿ ಮಾಡಿದವರ ಹೆಸರನ್ನು ಕನ್ನಡ ನಾಡು ನೆನಪಿಟ್ಟ ಪ್ರಸಂಗವೊಂದುಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿ ಒಪ್ಪಿಸಿದರೆಂಬ ಪ್ರತೀತಿ ಇಂದಿಗೂ ಹಳ್ಳಿಹಳ್ಳಿಗಳಲ್ಲಿದೆ. ಹೇಳುವವರು ಹರಳಯ್ಯನೊಬ್ಬನ ಹೆಸರನ್ನೇ ಹೇಳಿ ನಿಲ್ಲಿಸುವುದಿಲ್ಲ. ಕಲ್ಯಾಣಮ್ಮನ ಹೆಸರನ್ನೂ ಕೂಡಿಸಿಯೇ ಹೇಳುತ್ತಾರೆ.